ಜುಮ್ಮಾ ಮುಗಿದ ಮೇಲಿನ ಫೋನು

ಹನೀಫ್, ನಿನ್ನ ಉಮ್ಮ ತೀರಿಕೊಂಡ ದಿನ ಬೆಳಿಗ್ಗೆಯೇ ನನಗೆ ವಿಷಯ ಗೊತ್ತಿತ್ತು. ಸಂಜೆ ಪೆಟ್ರೋಲ್ ಬಂಕಿನಲ್ಲಿ ನಿಂತು, ಬೆಳಿಗ್ಗೆಯಿಂದ ಫೋನ್ ನೋಡಿಯೇ ಇಲ್ಲ, ಈಗಷ್ಟೇ ನೋಡಿದೆ ಎಂದು ನಾನು ನಿನಗೆ ಹೇಳಿದೆನಲ್ಲ — ಅದು ಸುಳ್ಳು. ನಿನ್ನ ತಮ್ಮ ಶರೀಫ್ ಕಳಿಸಿದ ವಾಯ್ಸ್ ಮೆಸೇಜನ್ನು ನಾನು ಕುವೈತಿನ ಫಿಂಟಾಸಿನಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ, ಬಾಡಿಗೆಗೆ ತಂದ ಬೈಕಿಗೆ ಒರಗಿ ನಿಂತು ಕೇಳಿದ್ದೆ. ಒಂದು ಸಲವಲ್ಲ, ಎರಡು ಸಲ. ಆಗ ನಿನ್ನ ಉಮ್ಮ ಬದುಕಿದ್ದರು. ಮಾತಾಡುತ್ತಿದ್ದರು. ನಿನ್ನನ್ನು ಕೇಳುತ್ತಿದ್ದರು.

ಇಷ್ಟು ಬರೆದ ಮೇಲೆ ಕುರ್ಚಿಯಿಂದ ಎದ್ದು ಬಾಲ್ಕನಿಗೆ ಹೋಗಿ ಬಂದೆ. ನೀರು ಕುಡಿದೆ. ಕೂತಲ್ಲಿ ಕೂರುವುದಕ್ಕೆ ಆಗುವುದಿಲ್ಲ ನನಗೆ, ನಿನಗೇ ಗೊತ್ತು — ‘ನಿನ್ನ ಕಾಲಿಗೆ ಚಕ್ರ ಕಟ್ಟಿ ಹುಟ್ಟಿಸಿದ್ದಾರೆ ಮಾರಾಯ’ ಎಂದು ನೀನು ಯಾವಾಗಲೂ ಚುಡಾಯಿಸುತ್ತೀ. ಆದರೆ ಇವತ್ತು ಕೂತು ಮುಗಿಸಬೇಕು. ಇದನ್ನು ನಿನ್ನ ಕೈಗೆ ಕೊಟ್ಟು ಓಡಿಹೋಗುವುದಕ್ಕಾಗಿ ಬರೆಯುತ್ತಿಲ್ಲ. ಹೇಳಲು ಬಾಯಿಗೆ ರೂಢಿಯಾಗಲಿ ಎಂದು ಬರೆಯುತ್ತಿದ್ದೇನೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಮತ್ತೆ ಹೇಳುತ್ತೇನೆ. ಎಲ್ಲಿಂದಾದರೂ ಹಿಡಿಯಬೇಕಲ್ಲ.

ಆ ಬೈಕಿನ ಹುಚ್ಚು ನನ್ನದು. ನೀನು ಬಂದದ್ದು ನನ್ನ ಹಟಕ್ಕೆ. ಕಾರ್ಕಳದಲ್ಲಿ ನನಗೊಂದು ಬೈಕ್ ಇತ್ತು, ಕುವೈತಿಗೆ ಬರುವ ವೀಸಾಕ್ಕೆಂದು ಅದನ್ನು ಮಾರಿದೆ, ಮಾರಿದ ದಿನ ಅಪ್ಪನ ಮುಂದೆ ಅತ್ತೆ ಎಂದೆಲ್ಲ ನಿನಗೆ ಎಷ್ಟು ಸಲ ಹೇಳಿಲ್ಲ. ಇಲ್ಲಿಗೆ ಬಂದು ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಒಂದು ಕಾಂಟ್ರಾಕ್ಟ್ ಕಂಪನಿಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಲೆಕ್ಕ ಹಾಕುತ್ತ ವರ್ಷಗಟ್ಟಲೆ ಕಳೆದೆ. ಕಂಪನಿ ಬಸ್ಸಿನಲ್ಲಿ ಹೋಗುವುದು, ಕಂಪನಿ ಬಸ್ಸಿನಲ್ಲಿ ಬರುವುದು. ಕಿಟಕಿಯ ಆಚೆ ಮರಳು. ಈ ಮರಳಿನ ನಡುವೆ ಒಮ್ಮೆಯಾದರೂ ನನ್ನದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಓಡಿಸಬೇಕು ಎಂಬ ಆಸೆ ಹೊಟ್ಟೆಯೊಳಗೆ ಇಲಿ ಓಡಾಡಿದ ಹಾಗೆ ಓಡಾಡುತ್ತಿತ್ತು. ಬೈಕಿನ ಲೈಸೆನ್ಸ್ ಮಾಡಿಸಿಕೊಂಡೆ. ಶುವೈಖಿನ ಗ್ಯಾರೇಜುಗಳ ಸಾಲಿನಲ್ಲಿ ಬೈಕ್ ಬಾಡಿಗೆಗೆ ಕೊಡುವವನೊಬ್ಬನನ್ನು ಹುಡುಕಿದೆ. ಒಂದು ಶುಕ್ರವಾರ ಗೊತ್ತು ಮಾಡಿದರೆ ಧೂಳು ಎದ್ದಿತು, ಎದುರಿಗಿದ್ದ ಬಿಲ್ಡಿಂಗ್ ಕಾಣದಷ್ಟು. ಇನ್ನೊಂದು ಶುಕ್ರವಾರ ನಿನಗೆ ವೀಸಾ ಕೊಟ್ಟ ಧಣಿ, ಆ ಕಫೀಲ್, ರಜೆ ಕೊಡಲಿಲ್ಲ, ಬಕಾಲಾ ಅಂಗಡಿಯ ಗಲ್ಲೆಯಲ್ಲಿ ನೀನೇ ಕೂರಬೇಕೆಂದ. ಮೂರನೆಯದು ಆ ಶುಕ್ರವಾರ.

ಗುರುವಾರ ಸಂಜೆಯೇ ಸಿವಿಲ್ ಐಡಿ ಅಡ ಇಟ್ಟು ಬೈಕ್ ತಂದು ಬಿಲ್ಡಿಂಗಿನ ಕೆಳಗೆ ನಿಲ್ಲಿಸಿದ್ದೆ. ಬೆಳಕು ಹರಿಯುವ ಮೊದಲೇ ಇಳಿದು ಹೋಗಿ ಹಳೆಯ ಬನಿಯನ್ನಿನಿಂದ ಅದನ್ನು ಒರೆಸುತ್ತಿದ್ದೆ. ನೀನು ಮೇಲೆ ರೂಮಿನಲ್ಲಿ ಚಹಾ ಕಾಯಿಸಿ ಫ್ಲಾಸ್ಕಿಗೆ ಹಾಕುತ್ತಿದ್ದೆ. ಆಗ ಬಂತು ಶರೀಫನ ಮೆಸೇಜು.

‘ಸದಣ್ಣ, ಉಮ್ಮಗೆ ರಾತ್ರಿಯಿಂದ ಉಸಿರಾಟ ಕಷ್ಟ ಆಗಿದೆ, ಆಸ್ಪತ್ರೆಗೆ ತಂದಿದ್ದೇವೆ. ಇವತ್ತು ದಾಟುವುದು ಡೌಟು ಅಂತಾರೆ ಡಾಕ್ಟ್ರು. ಮಾತು ಉಂಟು, ಜ್ಞಾಪಕ ಉಂಟು. ಅಣ್ಣನನ್ನು ಕೇಳ್ತಾ ಇದ್ದಾರೆ. ನೀವು ಅವನಿಗೆ ಮೆಲ್ಲ ಹೇಳಿ, ಕೂರಿಸಿ ಹೇಳಿ. ಆಮೇಲೆ ಫೋನ್ ಮಾಡಿಸಿ.’

ನಿನಗೆ ನೇರ ಯಾಕೆ ಮಾಡಲಿಲ್ಲ ಎಂದು ಹೊರಗಿನವರು ಕೇಳಬಹುದು. ಗಲ್ಫಿನಲ್ಲಿ ರೂಮು ಮಾಡಿಕೊಂಡು ಇದ್ದವರು ಕೇಳುವುದಿಲ್ಲ. ಊರಿನ ಕೆಟ್ಟ ಸುದ್ದಿ ಯಾವತ್ತೂ ಸಂಬಂಧಪಟ್ಟವನಿಗೆ ಮೊದಲು ಬರುವುದಿಲ್ಲ, ಪಕ್ಕದ ಮಂಚದವನಿಗೆ ಬರುತ್ತದೆ. ಪಕ್ಕದ ಮಂಚದವನು ಅವನನ್ನು ಕೂರಿಸಬೇಕು, ಚಹಾ ಕೊಡಬೇಕು, ‘ಸ್ವಲ್ಪ ಸೀರಿಯಸ್ ಅಂತೆ’ ಎನ್ನಬೇಕು, ಟಿಕೆಟಿಗೆ ಓಡಬೇಕು, ಏರ್‌ಪೋರ್ಟಿನ ತನಕ ಹೋಗಬೇಕು. ಯಾರೂ ಕಲಿಸದೆ ಎಲ್ಲರೂ ಕಲಿತ ಕ್ರಮ ಅದು. ಒಬ್ಬಂಟಿಯಾಗಿ ಕೇಳಿದವನು ಎಲ್ಲಿ ಬಿದ್ದಾನು, ಗಾಡಿ ಓಡಿಸುತ್ತಿದ್ದರೆ ಎಲ್ಲಿಗೆ ಗುದ್ದಿಯಾನು ಎಂಬ ಕಾಳಜಿ. ನಂಬಿಕೆಯ ಕೆಲಸ. ಶರೀಫ್ ನನ್ನನ್ನು ನಂಬಿದ.

ಈ ಕೆಲಸವನ್ನು ನೀನು ನನಗೆ ಮಾಡಿದ್ದೀ, ಹನೀಫ್. ಅದನ್ನು ಬರೆಯದೆ ಮುಂದೆ ಹೋದರೆ ಇದು ಅರ್ಧ ಸತ್ಯ. ನನ್ನ ಅಪ್ಪನಿಗೆ ಕಾಯಿಲೆ ಜೋರಾದ ದಿನ ನನ್ನ ಅಕ್ಕ ನಿನಗೆ ಫೋನ್ ಮಾಡಿದ್ದಳು. ನೀನು ನಡುಮಧ್ಯಾಹ್ನ ಬಕಾಲಾದ ಶಟರ್ ಎಳೆದು, ಕಫೀಲಿನ ಬೈಗುಳಕ್ಕೆ ಕ್ಯಾರೇ ಎನ್ನದೆ, ಟ್ಯಾಕ್ಸಿ ಹಿಡಿದು ರಿಫೈನರಿಯ ಗೇಟಿಗೆ ಬಂದೆ. ನನ್ನನ್ನು ಹೊರಗೆ ಕರೆಸಿ ಟ್ಯಾಕ್ಸಿಯೊಳಗೆ ಕೂರಿಸಿದೆ. ಏನೂ ಸುತ್ತಿಬಳಸದೆ ಫೋನನ್ನು ನನ್ನ ಕಿವಿಗೆ ಹಿಡಿದೆ. ‘ಅಪ್ಪ ಕೇಳಿಸಿಕೊಳ್ತಾರೆ. ಮಾತಾಡು’ ಎಂದೆ. ಆಚೆಯಿಂದ ಬರೀ ಉಸಿರು. ‘ಅಪ್ಪಾ, ಬರ್ತೇನೆ’ ಎಂದೆ ನಾನು. ಉಸಿರು ಒಂದು ಗಳಿಗೆ ನಿಂತು ಮತ್ತೆ ಬಂತು. ಅಷ್ಟೇ. ನಾನು ತಲುಪುವಾಗ ಅಪ್ಪ ಇರಲಿಲ್ಲ. ಆದರೆ ಆ ಉಸಿರು ಈಗಲೂ ನನ್ನ ಬಲಗಿವಿಯಲ್ಲಿದೆ, ಅದನ್ನು ಕೊಟ್ಟವನು ನೀನು.

ಇದೆಲ್ಲ ಗೊತ್ತಿದ್ದೂ — ಲಿಫ್ಟಿನ ಗುಂಡಿ ಒತ್ತಿದೆ. ಮೇಲೆ ಹೋಗಿ ಹೇಳುವುದಕ್ಕೆಂದೇ ಒತ್ತಿದೆ, ಇದು ಮಾತ್ರ ಸತ್ಯ. ಆದರೆ ಲಿಫ್ಟ್ ಬರುವಷ್ಟು ಹೊತ್ತಿನಲ್ಲಿ ಮನಸ್ಸು ಏನೇನು ಲೆಕ್ಕ ಹಾಕಿತು. ಮಂಗಳೂರಿಗೆ ವಿಮಾನ ಇರುವುದು ರಾತ್ರಿಗೆ. ಈಗ ಹೇಳಿದರೂ ರಾತ್ರಿಯೇ ಹೋಗುವುದು. ದಿನವಿಡೀ ರೂಮಿನಲ್ಲಿ ಕೂತು ಅಳುವ ಬದಲು — ಡಾಕ್ಟರುಗಳು ಹೀಗೆ ಎಷ್ಟು ಸಲ ಹೇಳುವುದಿಲ್ಲ — ಬೈಕನ್ನು ಇನ್ನೊಮ್ಮೆ ಈ ಜನ್ಮದಲ್ಲಿ ತರುವುದುಂಟೋ — ಜಹ್ರಾ ತನಕ ಹೋಗಿ ಅಲ್ಲಿ ಚಹಾ ಕುಡಿದು ಹೇಳಿದರಾಯಿತು. ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ನೀನಿದ್ದೆ. ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಬೇಯಿಸಿದ ಮೊಟ್ಟೆ ಮತ್ತು ಖುಬ್ಬೂಸ್ ರೊಟ್ಟಿಯ ಪೊಟ್ಟಣ. ಲಿಫ್ಟಿನಿಂದಲೇ ಹೆಲ್ಮೆಟ್ ಹಾಕಿಕೊಂಡು ಬಂದಿದ್ದೆ, ಅದರೊಳಗೆ ನಿನ್ನ ಕೆನ್ನೆ ಉಬ್ಬಿ ಇಡ್ಲಿಯ ಹಾಗೆ ಕಾಣುತ್ತಿತ್ತು. ನನಗೆ ನಗು ಬಂತು. ನೋಡು, ಆ ಹೊತ್ತಿನಲ್ಲಿಯೂ ನಗು ಬಂತು. ನೀನೂ ನಕ್ಕೆ.

‘ಯಲ್ಲಾ, ಹೊರಡುವ’ ಎಂದೆ ನಾನು. ಹೇಳಬೇಕಾದ್ದರ ಬದಲು ಹೇಳಿದ ಮಾತು ಅದು.

ಅಲ್ಲಿಂದ ನಾನು ಓಡಿಸಿದ್ದು ಬೈಕನ್ನಲ್ಲ, ನನ್ನ ಮಾತನ್ನು ಮುಂದೆ ಮುಂದೆ ಓಡಿಸಿದೆ. ಸಮುದ್ರದ ಬದಿಯ ರಸ್ತೆಯಲ್ಲಿ ಚಳಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ನೀನು ಹಿಂದೆ ಕೂತು ನನ್ನ ಜಾಕೆಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ವೇಗ ಹೆಚ್ಚಿದಾಗೆಲ್ಲ ಬಿಸ್ಮಿಲ್ಲಾ ಹೇಳುತ್ತಿದ್ದೆ, ನಾನು ಆಕ್ಸಿಲರೇಟರನ್ನು ಇನ್ನಷ್ಟು ತಿರುವುತ್ತಿದ್ದೆ. ಸಂತೋಷವಾಗಿತ್ತು ನನಗೆ. ಇದನ್ನೂ ಮುಚ್ಚಿಡುವುದಿಲ್ಲ. ಕಿಸೆಯಲ್ಲಿ ಆ ಮೆಸೇಜು ಇಟ್ಟುಕೊಂಡೂ ಸಂತೋಷವಾಗಿತ್ತು, ಮರುಗಳಿಗೆಗೆ ಅಳುಕು, ಮತ್ತೆ ಸಂತೋಷ. ಎರಡೂ ಒಂದೇ ಹೊಟ್ಟೆಯಲ್ಲಿ ಹೇಗೆ ಇರುತ್ತವೆಯೋ ನನಗೆ ತಿಳಿಯದು.

ಜಹ್ರಾದ ಕೆಂಪು ಕೋಟೆಯ ಮುಂದೆ ನಿಲ್ಲಿಸಿದೆವು. ಬಾಗಿಲು ಹಾಕಿತ್ತು. ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ನಿನ್ನ ಫೋನಿನಲ್ಲಿ ನಿನ್ನ ಫೋಟೋ ತೆಗೆದೆ. ನಮ್ಮೂರಿನ ಹಳೇ ಗುತ್ತಿನ ಮನೆಯ ಗೋಡೆಗಿಂತ ಇದು ದೊಡ್ಡದೇನಲ್ಲ ಎಂದು ನೀನು ಹೇಳಿದೆ. ಇಲ್ಲಿ ಹೇಳುತ್ತೇನೆ ಎಂದುಕೊಂಡಿದ್ದೆ. ನಿನ್ನ ಮುಖ ನೋಡಿದೆ. ಜುಮ್ಮಾಕ್ಕೆ ಹೊತ್ತಾಗುತ್ತಿದೆ, ನಮಾಜು ನೆಮ್ಮದಿಯಿಂದ ಮಾಡಲಿ, ಮುಗಿಸಿ ಬಂದ ಕೂಡಲೇ ಹೇಳುತ್ತೇನೆ ಎಂದು ಮತ್ತೊಂದು ಗಡುವು ಹಾಕಿಕೊಂಡೆ. ಧರ್ಮದ ಹೆಸರಿನ ಗಡುವು, ಹಾಗಾಗಿ ಮನಸ್ಸಿಗೂ ಒಪ್ಪಿಗೆಯಾಯಿತು.

ನೀನು ಮಸೀದಿಯ ಒಳಗೆ ಹೋದೆ. ನಾನು ಹೊರಗೆ, ಚಪ್ಪಲಿಗಳ ರಾಶಿಯಿಂದ ಸ್ವಲ್ಪ ದೂರ, ಬೈಕಿನ ಹತ್ತಿರ ನಿಂತಿದ್ದೆ. ಧ್ವನಿವರ್ಧಕದಲ್ಲಿ ಇಮಾಮರ ಖುತ್ಬಾ ಪ್ರವಚನ ನಡೆಯುತ್ತಿತ್ತು. ನನಗೆ ಅರಬ್ಬಿ ಬರುವುದು ಅಂಗಡಿ ಮಾತಿನಷ್ಟು. ಆದರೂ ಆ ಮನುಷ್ಯ ನನ್ನನ್ನೇ ಬೈಯುತ್ತಿದ್ದಾನೆ ಅನ್ನಿಸಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಫೋನ್ ತೆಗೆದು ನೋಡಿದರೆ ಶರೀಫನ ಮಿಸ್ ಕಾಲುಗಳು. ತಿರುಗಿ ಫೋನ್ ಮಾಡಲಿಲ್ಲ. ಮಾಡಿದರೆ, ಅಣ್ಣನಿಗೆ ಹೇಳಿದಿರಾ ಎಂದು ಕೇಳುತ್ತಾನೆ. ಫೋನನ್ನು ಸೈಲೆಂಟಿಗೆ ಹಾಕಿ ಬೈಕಿನ ಹಿಂದಿನ ಪೆಟ್ಟಿಗೆಯೊಳಗೆ ಇಟ್ಟೆ. ಕಣ್ಣಿಗೆ ಕಾಣದಿದ್ದರೆ ಆಗಿಲ್ಲ ಎಂಬ ಹಾಗೆ.

ನೀನು ಹೊರಗೆ ಬಂದೆ. ಚಪ್ಪಲಿ ಹುಡುಕಿ ಮೆಟ್ಟಿಕೊಂಡೆ. ಕಿಸೆಯಿಂದ ಫೋನ್ ತೆಗೆದೆ.

ಪ್ರತಿ ಶುಕ್ರವಾರ ಜುಮ್ಮಾ ಮುಗಿದ ಕೂಡಲೇ ನೀನು ಉಮ್ಮಗೆ ಫೋನ್ ಮಾಡುವವ. ಕುವೈತಿಗೆ ಬಂದಂದಿನಿಂದ ತಪ್ಪಿಸಿದವನಲ್ಲ. ರೂಮಿನಲ್ಲಿ ಎಲ್ಲರಿಗೂ ಗೊತ್ತು, ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೆ ಆ ದಿನ ಆ ಒಂದು ವಿಷಯ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಫೋನ್ ನಿನ್ನ ಕೈಯಲ್ಲಿ ನೋಡಿದ ಮೇಲೆ ಹೊಳೆಯಿತು — ಈಗ ಇವನು ಮಾಡುತ್ತಾನೆ, ಶರೀಫ್ ಎತ್ತುತ್ತಾನೆ, ಬೆಳಿಗ್ಗೆಯೇ ಸದಣ್ಣನಿಗೆ ಹೇಳಿದ್ದೇನಲ್ಲ ಎನ್ನುತ್ತಾನೆ, ಇವನು ತಲೆ ಎತ್ತಿ ನನ್ನ ಮುಖ ನೋಡುತ್ತಾನೆ.

ಆ ನೋಟಕ್ಕೆ ಹೆದರಿ ನಾನು ಹೇಳಿದೆ: ‘ಈಗ ಬೇಡ ಮಾರಾಯ. ಊರಲ್ಲಿ ಮೂರು ಗಂಟೆ ಆಗ್ತಾ ಬಂತು. ಉಮ್ಮ ಊಟ ಮಾಡಿ ಮಲಗಿರ್ತಾರೆ, ಎಬ್ಬಿಸ್ಬೇಡ. ಸಂಜೆ ಮಾಡು.’

ನೀನು ಫೋನನ್ನು ಕೆಳಗಿಳಿಸಿದೆ. ‘ಅದೂ ಹೌದು. ನಿದ್ದೆಯೇ ಇಲ್ಲ ಅಂತಾರೆ ಈಚೆಗೆ. ಮಲಗ್ಲಿ ಪಾಪ’ ಎಂದೆ.

ಅಷ್ಟಕ್ಕೂ ನಿಲ್ಲಿಸಲಿಲ್ಲ ನಾನು. ಓಡುವ ಬೈಕಿನಲ್ಲಿ ಕಿಸೆಯಿಂದ ಬಿದ್ದರೆ ಕಷ್ಟ ಎಂದು ನಿನ್ನ ಫೋನನ್ನೂ ಕೇಳಿ ತೆಗೆದುಕೊಂಡು ಪೆಟ್ಟಿಗೆಯೊಳಗೆ ಹಾಕಿ ಬೀಗ ತಿರುಗಿಸಿದೆ. ಕೀಲಿ ನನ್ನ ಕಿಸೆಯಲ್ಲಿ. ಬೆಳಿಗ್ಗೆ ಲಿಫ್ಟಿನ ಮುಂದೆ ನಾನು ಮಾಡಿದ್ದನ್ನು ಹೇಡಿತನ ಎನ್ನಬಹುದು, ಆಸೆಬುರುಕತನ ಎನ್ನಬಹುದು. ಮಸೀದಿಯ ಮುಂದೆ ಮಾಡಿದ್ದಕ್ಕೆ ಆ ಹೆಸರು ಸಾಲುವುದಿಲ್ಲ. ಮಗನ ಕೈಯಿಂದ ತಾಯಿಗೆ ಮಾಡಬೇಕಾದ ಫೋನನ್ನು ಕಸಿದುಕೊಂಡದ್ದು ಅದು. ನೀನು ಕೊಡುವಾಗ ‘ಥ್ಯಾಂಕ್ಸ್’ ಎಂದಿದ್ದೆ.

ಮುತ್ಲಾ ದಿಣ್ಣೆಗೆ ಹತ್ತಿದೆವು. ಈ ಚಪ್ಪಟೆ ದೇಶದಲ್ಲಿ ಅದೇ ಬೆಟ್ಟ. ಮೇಲೆ ನಿಂತರೆ ಕೆಳಗೆ ಜಹ್ರಾ, ಆಚೆ ಕೊಲ್ಲಿಯ ನೀರು, ಈಚೆ ಬಿಳಿ ಡೇರೆಗಳು, ಚಳಿಗಾಲದಲ್ಲಿ ಕುವೈತಿಗಳು ಬಂದು ಹೂಡುವವು. ಆ ವರ್ಷ ಮಳೆ ಬಂದಿತ್ತು. ಮರಳಿನ ಮೇಲೆ ಗಡ್ಡ ಬೋಳಿಸಿದ ಮರುದಿನದ ಹಾಗೆ ಹಸಿರು ಚಿಗುರಿತ್ತು, ಒಂಟೆಗಳು ಅದನ್ನು ಮೇಯುತ್ತಿದ್ದವು. ಒಂಟೆಯ ಜೊತೆ ಒಂದು ಫೋಟೋ ಬೇಕು, ಫೋನ್ ಕೊಡು ಎಂದೆ ನೀನು. ‘ಕಣ್ಣಲ್ಲಿ ನೋಡು ಮಾರಾಯ, ಫೋಟೋ ಎಂತಕ್ಕೆ’ ಎಂದೆ ನಾನು. ನೀನು ನಕ್ಕು ಒಂಟೆಗಳ ಕಡೆ ನಡೆದೆ. ನಾನು ಫ್ಲಾಸ್ಕ್ ತೆಗೆಯಲು ಪೆಟ್ಟಿಗೆ ತೆರೆದೆ.

ಎರಡೂ ಫೋನುಗಳು ಅಕ್ಕಪಕ್ಕ ಮಲಗಿದ್ದವು. ನಿನ್ನದರಲ್ಲಿ ಶರೀಫನ ಮಿಸ್ ಕಾಲುಗಳು. ನನ್ನದರಲ್ಲಿ ಒಂದೇ ಸಾಲು: ‘ಉಮ್ಮ ಹೋದ್ರು.’

ಪೆಟ್ಟಿಗೆ ಮುಚ್ಚಿದೆ. ಚಹಾ ಹೊಯ್ದೆ. ನೀನು ಒಂಟೆಯ ಹತ್ತಿರ ಹೋಗಲು ಹೆದರಿ ಅರ್ಧ ದಾರಿಯಿಂದ ವಾಪಸು ಬಂದು, ಅದರ ಮುಖ ನಿನ್ನ ಕಫೀಲಿನ ಹಾಗೆಯೇ ಇದೆ ಎಂದೆ. ನಾನು ಮೊಟ್ಟೆ ಸುಲಿದು ನಿನಗೆ ಕೊಟ್ಟೆ. ಇನ್ನೊಂದನ್ನು ನಾನೂ ತಿಂದೆ. ಉಪ್ಪು ಮರೆತು ಬಂದಿದ್ದಕ್ಕೆ ನೀನು ನಿನ್ನನ್ನೇ ಬೈದುಕೊಂಡೆ. ಹನೀಫ್, ತಾಯಿ ಸತ್ತವನಿಗೆ ಸುದ್ದಿ ಹೇಳದೆ ಮೊಟ್ಟೆ ತಿನ್ನಿಸಿದವನು ನಾನು.

ಅಲ್ಲಿಂದ ಹಿಂದೆ ತಿರುಗಬಹುದಿತ್ತು. ತಿರುಗಲಿಲ್ಲ. ಬೈಕ್ ನಿಂತರೆ ಹೇಳಬೇಕಾಗುತ್ತದೆ, ಓಡುತ್ತಿದ್ದರೆ ಗಾಳಿಯಲ್ಲಿ ಮಾತು ಕೇಳುವುದಿಲ್ಲ — ಇದೊಂದೇ ನನಗೆ ತಿಳಿದದ್ದು. ಸುಬಿಯಾ ರಸ್ತೆಗೆ ಇಳಿಸಿ ಓಡಿಸಿದೆ. ಎಡಬಲ ಏನೂ ಇಲ್ಲ, ಕರೆಂಟಿನ ಕಂಬಗಳು, ಮರಳು, ಮತ್ತೆ ಕಂಬಗಳು. ಬೂಬಿಯಾನ್ ದ್ವೀಪಕ್ಕೆ ಹೋಗುವ ಹಳೆಯ ಸೇತುವೆಯ ತನಕ ಹೋದೆವು, ಯುದ್ಧದಲ್ಲಿ ಪೆಟ್ಟು ತಿಂದ ಸೇತುವೆ ಅದು. ನೀನು ಇಳಿದು ನೋಡಬೇಕೆಂದೆ. ಹೊತ್ತಾಯಿತು ಎಂದು ನಾನು ಇಳಿಯಗೊಡಲಿಲ್ಲ. ಅಷ್ಟು ದೂರ ಬಂದದ್ದು ಎಂತಕ್ಕೆ ಹಾಗಾದರೆ ಎಂದು ನೀನು ಹಿಂದಿನಿಂದ ಕೂಗಿದೆ. ನನಗೂ ಗೊತ್ತಿರಲಿಲ್ಲ. ಬೈಕ್ ತಿರುಗಿಸಿದೆ. ವರ್ಷಗಟ್ಟಲೆ ಕನಸು ಕಂಡ ರಸ್ತೆ ಅದು. ಅದರಲ್ಲಿ ಬೆನ್ನಿಗೆ ನಾಯಿ ಬಿದ್ದವನ ಹಾಗೆ ಓಡಿದೆ.

ಕೊನೆಗೆ ನಿಲ್ಲಿಸಿದ್ದು ನಾನಲ್ಲ, ಪೆಟ್ರೋಲು. ಮುಳ್ಳು ಕೆಳಗೆ ಬಿದ್ದಿತ್ತು. ದಾರಿಯ ಬಂಕಿನಲ್ಲಿ ನಿಲ್ಲಿಸಿದಾಗ ಬಿಸಿಲು ಹಳದಿಗೆ ತಿರುಗಿತ್ತು. ನೀನು ಇಳಿದು ಬೆನ್ನು ನೆಟ್ಟಗೆ ಮಾಡಿಕೊಂಡು, ‘ಫೋನ್ ಕೊಡು, ಉಮ್ಮ ಎದ್ದಿರ್ತಾರೆ ಈಗ’ ಎಂದೆ. ಇನ್ನು ಓಡಲು ದಾರಿ ಇರಲಿಲ್ಲ. ಪೆಟ್ಟಿಗೆ ತೆರೆದೆ. ನನ್ನ ಫೋನನ್ನು ಆಗಷ್ಟೇ ನೋಡುವವನ ಹಾಗೆ ನೋಡಿದೆ. ನಾಟಕ ಮಾಡಿದೆ, ಹನೀಫ್. ಹುಬ್ಬು ಗಂಟಿಕ್ಕಿದೆ. ‘ಬೆಳಿಗ್ಗೆಯಿಂದ ಫೋನ್ ನೋಡಿಯೇ ಇಲ್ಲ, ಈಗಷ್ಟೇ ನೋಡಿದೆ. ಶರೀಫ್ ಮೆಸೇಜ್ ಮಾಡಿದ್ದಾನೆ. ಉಮ್ಮಗೆ ಸ್ವಲ್ಪ ಸೀರಿಯಸ್ ಅಂತೆ. ನೀನು ಊರಿಗೆ ಹೊರಡು’ ಎಂದೆ.

ಆ ಮಾತುಗಳನ್ನು ನೀನೇ ಎಷ್ಟು ಜನಕ್ಕೆ ಹೇಳಿದವ. ಅದರ ಅರ್ಥ ನಿನಗೆ ನಾನು ಬಿಡಿಸಬೇಕಿರಲಿಲ್ಲ. ನೀನು ಹೆಲ್ಮೆಟ್ ಬಿಚ್ಚಿ ನೆಲದ ಮೇಲೆ ಮೆಲ್ಲಗೆ ಇಟ್ಟೆ. ‘ಯಾವಾಗ?’ ಎಂದೆ. ನಾನು ತಲೆ ತಗ್ಗಿಸಿದೆ. ನೀನು ನಿನ್ನ ಫೋನ್ ತೆಗೆದುಕೊಂಡು ಮಿಸ್ ಕಾಲುಗಳನ್ನು ನೋಡಿದೆ, ತುಂಬ ಹೊತ್ತು. ಆಮೇಲೆ ನೀನು ಆಡಿದ ಮಾತು ಒಂದೇ: ‘ನಾನು ಜುಮ್ಮಾ ಮುಗಿದ ಕೂಡ್ಲೇ ಮಾಡ್ಬೇಕಿತ್ತು, ಸದಾ.’

ಆಗಲಾದರೂ ಹೇಳಬಹುದಿತ್ತು. ನಾನು ನಿನ್ನ ಹೆಗಲ ಮೇಲೆ ಕೈ ಇಟ್ಟು, ನಿನಗೆ ಹೇಗೆ ಗೊತ್ತಾಗಬೇಕು ಪಾಪ ಎಂದು ಸಮಾಧಾನ ಮಾಡಿದೆ. ನನ್ನ ತಪ್ಪಿಗೆ ನಿನ್ನನ್ನು ಕ್ಷಮಿಸಿಬಿಟ್ಟೆ! ವಾಪಸು ಬರುವಾಗ ನೀನು ಜಾಕೆಟ್ ಹಿಡಿಯಲಿಲ್ಲ, ನನ್ನ ಎರಡೂ ಭುಜ ಹಿಡಿದಿದ್ದೆ. ಅಳುವಾಗ ನಿನ್ನ ಹೆಲ್ಮೆಟ್ ನನ್ನ ಹೆಲ್ಮೆಟಿಗೆ ಮತ್ತೆ ಮತ್ತೆ ತಾಗುತ್ತಿತ್ತು. ಆ ಸದ್ದು ಫಿಂಟಾಸ್ ತನಕ ಬಂತು.

ರಾತ್ರಿಯ ವಿಮಾನಕ್ಕೆ ನಿನ್ನನ್ನು ಹತ್ತಿಸಿದೆ. ನೀನು ಉಳ್ಳಾಲ ಮುಟ್ಟುವ ಮೊದಲೇ ದಫನ ಆಗಿತ್ತು, ನಿಮ್ಮಲ್ಲಿ ಕಾಯುವ ಕ್ರಮವಿಲ್ಲ. ನೀನು ನೋಡಿದ್ದು ಹಸಿಮಣ್ಣನ್ನು ಮಾತ್ರ. ಮರುದಿನ ನಾನು ಬೈಕ್ ವಾಪಸು ಕೊಡಲು ಹೋದಾಗ ಅಂಗಡಿಯವನು ಸಿವಿಲ್ ಐಡಿ ಕೊಡುತ್ತ, ‘ಮಬ್ಸೂತ್?’ ಎಂದ. ಖುಷಿಯಾಯಿತಾ ಎಂದು. ಹೌದೆಂದು ತಲೆಯಾಡಿಸಿದೆ. ಆಮೇಲೆ ನಾನು ಬೈಕ್ ಮುಟ್ಟಿಲ್ಲ. ಯಾಕೆಂದು ನೀನು ಕೇಳಿದ್ದೀ, ಸೊಂಟನೋವು ಎಂದಿದ್ದೇನೆ.

ವರ್ಷಗಳು ಹೋದವು. ನಿನ್ನ ಹೆಂಡತಿ ಬಂದರು, ನೀವು ಅಬು ಹಲೀಫಾಕ್ಕೆ ಹೋದಿರಿ, ನಿನ್ನ ಮಗಳು ಶಿಫಾ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವಷ್ಟು ದೊಡ್ಡವಳಾದಳು. ಶುಕ್ರವಾರದ ಊಟ ನನಗೆ ನಿಮ್ಮ ಮನೆಯಲ್ಲಿ. ತುಪ್ಪದನ್ನ, ಕೋಳಿ, ಆಮೇಲೆ ನಿನ್ನ ಉಪದೇಶ. ಊರಿಂದ ಹೊಸದಾಗಿ ಬಂದ ಹುಡುಗರನ್ನು ನೀನು ಊಟಕ್ಕೆ ಕರೆಯುತ್ತೀ. ಉಂಡ ಮೇಲೆ ಪ್ರತಿಯೊಬ್ಬನಿಗೂ ಅದೇ ಮಾತು: ‘ಜುಮ್ಮಾ ಮುಗಿದ ಕೂಡ್ಲೇ ತಾಯಿಗೆ ಫೋನ್ ಮಾಡ್ಬೇಕು. ಸಂಜೆಗೆ ಅಂತ ಇಡ್ಬಾರ್ದು. ನಾನು ಬೈಕಲ್ಲಿ ತಿರುಗ್ಲಿಕ್ಕೆ ಹೋಗಿ ಒಂದು ಶುಕ್ರವಾರ ಬಿಟ್ಟೆ.’

ಹುಡುಗರು ನಿನ್ನನ್ನು ನೋಡುತ್ತಾರೆ. ನಾನು ತಟ್ಟೆಯಲ್ಲಿ ಎಲುಬು ಹುಡುಕುತ್ತೇನೆ. ಬಿಸಿತುಪ್ಪದ ಗಾದೆ ಇದೆಯಲ್ಲ, ಉಗುಳಲೂ ಆಗದು ನುಂಗಲೂ ಆಗದು ಎಂಬುದು — ನಿಮ್ಮ ಮನೆಯ ತುಪ್ಪದನ್ನದ ಮುಂದೆ ಕೂತು ಪ್ರತಿ ಶುಕ್ರವಾರ ನಾನು ಅದನ್ನು ಕಂಡಿದ್ದೇನೆ. ನೀನು ಯಾವತ್ತೂ ‘ಸದಾ ಬೇಡ ಎಂದ’ ಎಂದು ಹೇಳಿದವನಲ್ಲ. ‘ಫೋನನ್ನು ಪೆಟ್ಟಿಗೆಗೆ ಹಾಕಿದ್ದು ನಾನೇ’ ಎಂದು ಕೂಡ ನೀನು ಹೇಳುತ್ತೀ. ನನ್ನನ್ನು ಕಾಪಾಡುವುದಕ್ಕೋ, ಅಥವಾ ನಿಜಕ್ಕೂ ಮರೆತೆಯೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಎಲ್ಲಿತ್ತು.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ತೊಕ್ಕೊಟ್ಟಿನಲ್ಲಿ ಶರೀಫ್ ಸಿಕ್ಕಿದ. ಜ್ಯೂಸ್ ಕುಡಿಸಿದ. ನಿನ್ನ ಬಗ್ಗೆ, ಶಿಫಾಳ ಬಗ್ಗೆ ಕೇಳಿದ. ಆಮೇಲೆ ಗ್ಲಾಸನ್ನು ನೋಡುತ್ತ ಹೇಳಿದ: ‘ಸದಣ್ಣ, ಆ ವಾಯ್ಸ್ ನೀವು ಬೆಳಿಗ್ಗೆಯೇ ಕೇಳಿದ್ರಿ ಅಲ್ವಾ. ಮೈಕಿನ ಗುರ್ತು ನೀಲಿ ಆಗಿತ್ತು, ನಾನು ಆಗ್ಲೇ ನೋಡಿದ್ದೆ.’

ಇಷ್ಟು ವರ್ಷ! ನೀಲಿ ಆದದ್ದನ್ನು ನೋಡಿ, ಸದಣ್ಣ ಹೇಳಿರುತ್ತಾರೆ, ಅಣ್ಣ ಈಗ ಮಾಡುತ್ತಾನೆ ಎಂದು ಕಾದಿದ್ದಾನೆ ಹುಡುಗ. ಆಮೇಲೆ ನನ್ನ ಸುಳ್ಳನ್ನು ನಿನ್ನ ಬಾಯಿಂದ ಕೇಳಿಯೂ ಸುಮ್ಮನಿದ್ದಾನೆ. ಪರದೇಶದಲ್ಲಿ ನಿನಗೆ ಇದ್ದ ಒಬ್ಬ ಗೆಳೆಯನನ್ನು ಯಾಕೆ ಕೀಳಬೇಕೆಂದು. ಅಷ್ಟೇ ಅಲ್ಲ, ನಿನ್ನ ಹೊಟ್ಟೆ ಉರಿಯಬಾರದೆಂದು ತಾನೂ ಒಂದು ಸುಳ್ಳು ಸೇರಿಸಿದ್ದಾನೆ — ಉಮ್ಮಗೆ ಮಾತೇ ಇರಲಿಲ್ಲ, ಮಧ್ಯಾಹ್ನ ನಿದ್ದೆಯಲ್ಲೇ ಹೋದರು ಎಂದು ನಿನಗೆ ಹೇಳಿದವನು ಅವನೇ.

ಆದದ್ದು ಹಾಗಲ್ಲ ಎಂದು ಶರೀಫ್ ನನಗೆ ಅಲ್ಲಿ ಹೇಳಿದ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೇ ಅವನು ನಿನಗೆ ನೇರ ಫೋನ್ ಮಾಡಲು ಹೊರಟಿದ್ದನಂತೆ. ಉಮ್ಮ ಬೇಡವೆಂದರಂತೆ. ಹೆದರಿಸಬೇಡ ಅವನನ್ನು, ಇವತ್ತು ಶುಕ್ರವಾರ ಅಲ್ವಾ, ಜುಮ್ಮಾ ಮುಗಿಸಿ ಅವನೇ ಮಾಡ್ತಾನೆ ಎಂದರಂತೆ. ಫೋನನ್ನು ದಿಂಬಿನ ಹತ್ತಿರ ಇಡಿಸಿಕೊಂಡರಂತೆ. ನಡುನಡುವೆ ಅಲ್ಲಿ ಜುಮ್ಮಾ ಆಯಿತಾ ಎಂದು ಕೇಳುತ್ತಿದ್ದರಂತೆ. ಆಯಿತು ಉಮ್ಮ, ಈಗ ಆಗಿರುತ್ತದೆ ಎಂದು ಶರೀಫ್ ಹೇಳಿದ ಮೇಲೆ ಯಾರನ್ನೂ ಮಾತಾಡಗೊಡಲಿಲ್ಲ, ರಿಂಗ್ ಕೇಳುವುದಿಲ್ಲವೆಂದು. ಇಳಿಹೊತ್ತಿನ ಅಸರ್ ಬಾಂಗು ಕೂಗುವ ಹೊತ್ತಿಗೆ ಹೋದರು.

‘ಹೇಳುವುದಾದ್ರೆ ನೀವೇ ಹೇಳಿ. ನಾನು ಹೇಳಿದ್ರೆ ಚಾಡಿ ಆಗ್ತದೆ’ ಎಂದು ಶರೀಫ್ ಎದ್ದ. ಜ್ಯೂಸಿನ ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ.

ಅಂದಿನಿಂದ ಯೋಚಿಸುತ್ತಿದ್ದೇನೆ. ‘ಉಮ್ಮ ನಿದ್ದೆಯಲ್ಲಿದ್ದರು, ನಾನು ಫೋನ್ ಮಾಡಿದ್ದರೂ ಎತ್ತುತ್ತಿರಲಿಲ್ಲ’ — ಇದೊಂದು ಸಮಾಧಾನ ನಿನ್ನಲ್ಲಿ ಉಳಿದಿದೆ. ನಾನು ಬಾಯಿ ಬಿಟ್ಟರೆ ಅದೂ ಹೋಗುತ್ತದೆ. ನನ್ನ ಹೊಟ್ಟೆ ಹಗುರ ಮಾಡಿಕೊಳ್ಳಲು ನಿನ್ನ ಎದೆಗೆ ಕಲ್ಲು ಹೇರುತ್ತಿದ್ದೇನೆಯೇ? ಇರಬಹುದು. ಈ ಪ್ರಶ್ನೆಯನ್ನೂ ಒಂದು ಗಡುವು ಮಾಡಿಕೊಂಡು ಇನ್ನಷ್ಟು ವರ್ಷ ತಳ್ಳಬಲ್ಲೆ, ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಆದರೆ ನೀನು ಹೊಸ ಹುಡುಗರ ಮುಂದೆ ನಿನ್ನನ್ನು ನೀನೇ ಅಪರಾಧಿ ಮಾಡಿಕೊಳ್ಳುವುದನ್ನು ಇನ್ನೊಂದು ಶುಕ್ರವಾರ ಕೂತು ಕೇಳಲಾರೆ. ಆ ತಪ್ಪು ನಿನ್ನದಲ್ಲ. ನನ್ನದು, ನನಗೆ ಕೊಡು. ನೀನು ಮುಖ ತಿರುಗಿಸಿದರೂ ಸರಿ, ಇನ್ನು ಮನೆಗೆ ಬರಬೇಡ ಎಂದರೂ ಸರಿ. ಕ್ಷಮೆ ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ.

ಇವತ್ತು ಶುಕ್ರವಾರ. ಅಬು ಹಲೀಫಾದ ನಿನ್ನ ಮಸೀದಿಗೆ ಇಲ್ಲಿಂದ ಬಸ್ಸಿನಲ್ಲಿ ಹತ್ತಿರ. ಖುತ್ಬಾ ಶುರುವಾಗುವ ಮೊದಲು ಹೋಗಿ ಹೊರಗೆ, ಚಪ್ಪಲಿಗಳ ಹತ್ತಿರ ನಿಲ್ಲುತ್ತೇನೆ. ಈ ಹಾಳೆಗಳನ್ನು ರೂಮಿನಲ್ಲೇ ಬಿಟ್ಟು ಹೋಗುತ್ತೇನೆ. ನೀನು ಹೊರಗೆ ಬಂದು ಎಡಗಾಲಿನ ಚಪ್ಪಲಿ ಹುಡುಕುವಾಗ, ಏನು ಸದಾ ಇಲ್ಲಿ, ಮನೆಗೇ ಬರುವುದಲ್ವಾ ಎನ್ನುತ್ತೀ. ಊಟದ ನಂತರ ಎಂದು ಇಡುವುದಿಲ್ಲ, ಸಂಜೆಗೆ ಎಂದೂ ಇಡುವುದಿಲ್ಲ. ಅಲ್ಲೇ ನಿಂತು ಹೇಳುತ್ತೇನೆ: ಉಮ್ಮ ಮಲಗಿರಲಿಲ್ಲ, ಹನೀಫ್. ಎಚ್ಚರವಿದ್ದರು. ಶುಕ್ರವಾರ ಅಲ್ವಾ, ಅವನೇ ಮಾಡ್ತಾನೆ ಎಂದು ನಿನ್ನ ಫೋನಿಗೆ ಕಾಯುತ್ತಿದ್ದರು.